ಮಗುವಿನ ಟಿಕೆಟ್ಟಿಗೆ ಯಾರು ದುಡ್ಡು ಕೊಡಬೇಕು?

ಅಮೆರಿಕದ ಅಯೋವಾ ರಾಜ್ಯದ ಅನೇಕ ಊರುಗಳಲ್ಲಿ ಬೇಸಿಗೆಯ ವಾರಾಂತ್ಯದ ಸಂಜೆ ಎಂದರೆ ಮಣ್ಣಿನ ಟ್ರ್ಯಾಕಿನ ಕಾರ್ ರೇಸು. ಟಿವಿಯಲ್ಲಿ ನಾವು ನೋಡುವ ಫಾರ್ಮುಲಾ ಒನ್‌ನ ನುಣ್ಣನೆಯ ಡಾಂಬರು ಇಲ್ಲಿಲ್ಲ. ಕಾಲು ಮೈಲಿಯೋ ಅರ್ಧ ಮೈಲಿಯೋ ಸುತ್ತಳತೆಯ ಜೇಡಿಮಣ್ಣಿನ ದಾರಿ. ಮಧ್ಯಾಹ್ನದಿಂದಲೇ ಟ್ಯಾಂಕರಿನಲ್ಲಿ ನೀರು ಹೊಡೆದು, ಕೆದಕಿ, ಅದುಮಿ ಗದ್ದೆಯಂತೆ ಅದನ್ನು ಹದ ಮಾಡಬೇಕು. ತಿರುವಿನಲ್ಲಿ ಕಾರುಗಳು ಅಡ್ಡಡ್ಡ ಜಾರುತ್ತವೆ, ಕೆಳಗಿನ ಸಾಲುಗಳಲ್ಲಿ ಕುಳಿತವರ ಮೇಲೆ ಮಣ್ಣಿನ ಹೆಂಟೆ ಹಾರಿ ಬೀಳುತ್ತದೆ. ಇದೇ ರಾಜ್ಯದ ನಾಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ 1961ರಲ್ಲಿ ಶುರುವಾದ ಸ್ಪ್ರಿಂಟ್ ಕಾರುಗಳ ರಾಷ್ಟ್ರೀಯ ಸ್ಪರ್ಧೆಗೆ ಆಗಸ್ಟ್ ತಿಂಗಳಲ್ಲಿ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಆ ಕಾರುಗಳಿಗಾಗಿಯೇ ಅಲ್ಲೊಂದು ಮ್ಯೂಸಿಯಂ ಕೂಡ ಇದೆ.

ನಾನು ಹೇಳಹೊರಟಿರುವುದು ಅಂಥ ದೊಡ್ಡ ಜಾತ್ರೆಯ ಬಗ್ಗೆ ಅಲ್ಲ. ವಾರವಾರವೂ ನಡೆಯುವ, ಊರಿನ ಮೆಕ್ಯಾನಿಕ್ಕು, ರೈತ, ವೆಲ್ಡಿಂಗ್ ಕೆಲಸದವನು ತಮ್ಮ ಗ್ಯಾರೇಜಿನಲ್ಲೇ ಕಟ್ಟಿದ ಕಾರು ತಂದು ಓಡಿಸುವ ಪುಟ್ಟ ಮೈದಾನದ ಬಗ್ಗೆ. ಕುಂದಾಪುರದ ಕಡೆಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದ ನನಗೆ ಈ ರೇಸಿನ ಹುಚ್ಚು ಹಿಡಿಸಿದ್ದು ನೆರೆಮನೆಯವರು. ಹಲವು ವರ್ಷಗಳಿಂದ ಹೋಗುತ್ತಿರುವುದರಿಂದ ಒಂದು ವಿಷಯ ಕಣ್ಣಿಗೆ ಕಾಣುವಂತೆ ಗೊತ್ತಾಗಿದೆ: ಗ್ಯಾಲರಿಯಲ್ಲಿ ತಲೆಗಳು ನರೆಯುತ್ತಿವೆ. ಚಿಕ್ಕ ಮಕ್ಕಳಿರುವ ಸಂಸಾರಗಳು ಕಡಿಮೆಯಾಗುತ್ತಿವೆ. ಊರು ಬೆಳೆದು ಮೈದಾನದ ಬೇಲಿಯವರೆಗೆ ಬಂದಿದೆ. ಗ್ಯಾಲರಿ ಖಾಲಿಯಾದ ಮೈದಾನ ಮನೆಗಳ ಲೇಔಟ್ ಆಗಲು ಬಹಳ ದಿನ ಬೇಡ.

ಹೀಗಾಗಿ ಕಳೆದ ಚಳಿಗಾಲದಲ್ಲಿ ಮೈದಾನ ನಡೆಸುವ ಸಮಿತಿಯವರು ಪ್ರೇಕ್ಷಕರನ್ನು ಕರೆದು ಟಿಕೆಟ್ ದರದ ಬಗ್ಗೆ ಅಭಿಪ್ರಾಯ ಕೇಳಿದರು. ಆಗಿದ್ದ ದರ ದೊಡ್ಡವರಿಗೆ 20 ಡಾಲರ್, ಮಕ್ಕಳಿಗೆ 8. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಬಂದರೆ 56. ಸಮಿತಿಯ ಪ್ರಸ್ತಾಪ ಸರಳವಾಗಿತ್ತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪೂರ್ತಿ ಉಚಿತ, ದೊಡ್ಡವರಿಗೆ 22. ಆಗ ಅದೇ ಸಂಸಾರಕ್ಕೆ 44 ಡಾಲರ್ ಸಾಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಲವತ್ತು ವರ್ಷದಿಂದ ಒಂದು ವಾರವೂ ತಪ್ಪಿಸದ ಹಿರಿಯರೊಬ್ಬರು ಎದ್ದು, “ನನ್ನ ಮಕ್ಕಳು ಸಣ್ಣವರಿದ್ದಾಗ ಅವರ ಟಿಕೆಟ್ ನಾನೇ ಕೊಂಡೆ. ಈಗ ಪಿಂಚಣಿಯಲ್ಲಿ ಬದುಕುವಾಗ ಇನ್ನೊಬ್ಬರ ಮಕ್ಕಳ ಟಿಕೆಟ್ಟನ್ನೂ ನಾನೇ ಕೊಳ್ಳಬೇಕೇ?” ಎಂದು ಕೇಳಿದರು. ಅವರಿಗೂ ಅವರ ಹೆಂಡತಿಗೂ ಹದಿನೆಂಟು ವಾರಗಳ ಹಂಗಾಮಿಗೆ ಹೆಚ್ಚುವರಿ ಹೊರೆ 72 ಡಾಲರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ಅವರಿಗೆ ಗೊತ್ತಿರಲಿಕ್ಕಿಲ್ಲ. ಅವರ ಮಾತಿನ ಸಾರ ಮಾತ್ರ ಅದೇ.

ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ತಮ್ಮ ವಿದ್ಯಾರ್ಥಿಗಳ ಮುಂದೆ ಒಂದು ಒಗಟು ಇಡುತ್ತಿದ್ದರಂತೆ. ಮಕ್ಕಳಿರುವವರಿಗೆ ತೆರಿಗೆಯಲ್ಲಿ ಕೊಡುವ ವಿನಾಯಿತಿ ಬಡವರಿಗಿಂತ ಶ್ರೀಮಂತರಿಗೆ ಹೆಚ್ಚಿರಬಹುದೇ ಎಂದು ಕೇಳಿದರೆ ಎಲ್ಲರೂ ‘ಕೂಡದು’ ಎನ್ನುತ್ತಾರೆ. ಅದನ್ನೇ ತಿರುಗಿಸಿ, ಮಕ್ಕಳಿಲ್ಲದವರು ಹೆಚ್ಚುವರಿ ತೆರಿಗೆ ಕೊಡಬೇಕು ಎಂದು ಬರೆಯೋಣ. ಆಗ ಮಕ್ಕಳಿಲ್ಲದ ಬಡವನೂ ಶ್ರೀಮಂತನಷ್ಟೇ ಹೆಚ್ಚುವರಿ ಕೊಡಬೇಕೇ? ಅದಕ್ಕೂ ‘ಕೂಡದು’. ಆದರೆ ಎರಡೂ ಕಡೆ ಇರುವುದು ಒಂದೇ ವ್ಯತ್ಯಾಸ. ಹಾಗಾಗಿ ಎರಡು ಉತ್ತರಗಳೂ ಒಟ್ಟಿಗೆ ನಿಲ್ಲಲಾರವು. ನಮ್ಮ ಮೈದಾನದ ಬೋರ್ಡಿನಲ್ಲೂ ಹೀಗೆಯೇ. ‘ಮಕ್ಕಳಿಗೆ ಉಚಿತ’ ಎಂದು ಬರೆದರೆ ಎಲ್ಲರ ಮುಖವೂ ಅರಳುತ್ತದೆ. ‘ಮಕ್ಕಳನ್ನು ಕರೆತರದವರಿಗೆ ಎರಡು ಡಾಲರ್ ಹೆಚ್ಚು’ ಎಂದು ಬರೆದರೆ ಜಗಳವಾಗುತ್ತದೆ. ನ್ಯಾಯ ಅನ್ಯಾಯದ ನಮ್ಮ ಭಾವನೆ ಎಷ್ಟೋ ಸಲ ಅಂಕಿಗಳನ್ನಲ್ಲ, ಅವುಗಳಿಗೆ ಇಟ್ಟ ಹೆಸರನ್ನು ನೋಡಿ ಹುಟ್ಟುತ್ತದೆ. ಆದ್ದರಿಂದ ಹೆಸರನ್ನು ಬದಿಗಿಟ್ಟು, ನಿಜವಾಗಿ ಯಾರ ಜೇಬಿನಿಂದ ಏನು ಹೋಗುತ್ತಿದೆ ಎಂದು ನೋಡುವುದೇ ಒಳ್ಳೆಯದು.

ಟಿಕೆಟ್ಟಿನ ದುಡ್ಡು ಹೋಗುವುದೆಲ್ಲಿಗೆ? ವಿಮೆ, ಆಂಬುಲೆನ್ಸು, ಬೆಂಕಿ ಆರಿಸುವ ಸಿಬ್ಬಂದಿ, ದೀಪ, ನೀರು, ಮಣ್ಣು. ಉಳಿದದ್ದು ಬಹುಮಾನಕ್ಕೆ. ಇಲ್ಲಿ ಹೊರಗಿನವರಿಗೆ ಆಶ್ಚರ್ಯವಾಗುವ ಒಂದು ಸಂಗತಿ ಇದೆ. ಕಾರು ಓಡಿಸುವವನೂ ಅವನ ಜೊತೆ ಟೈರು ಬದಲಿಸುವ ತಮ್ಮನೂ ಕಾರುಗಳು ನಿಲ್ಲುವ ‘ಪಿಟ್’ ಒಳಗೆ ಹೋಗಲು ತಾವೇ ದುಡ್ಡು ಕೊಟ್ಟು ಪಾಸು ಕೊಳ್ಳಬೇಕು. ಅದು ಸಾಮಾನ್ಯವಾಗಿ ಗ್ಯಾಲರಿ ಟಿಕೆಟ್ಟಿಗಿಂತ ದುಬಾರಿ. ಅಂದರೆ ಆಡುವವನೇ ಆಟ ನಡೆಯಲು ದುಡ್ಡು ಕೊಡುತ್ತಾನೆ. ಸಾಮಾನ್ಯ ವಾರದ ಬಹುಮಾನ ಗೆದ್ದವನಿಗೂ ಅದರಿಂದ ಟೈರಿನ, ಇಂಧನದ ಖರ್ಚು ಹುಟ್ಟಿದರೆ ಪುಣ್ಯ. ಮಕ್ಕಳಿಗೆ ಉಚಿತ ಎಂದು ಘೋಷಿಸಿ, ಆ ಕೊರತೆಯನ್ನು ಸದ್ದಿಲ್ಲದೆ ಬಹುಮಾನದಿಂದ ಕಡಿದರೆ, ಅದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಔದಾರ್ಯದ ಹೆಸರು ಮೈದಾನಕ್ಕೆ, ಖರ್ಚು ವೆಲ್ಡಿಂಗ್ ಕೆಲಸದವನಿಗೆ.

ಈ ಚರ್ಚೆ ನಡೆಯುತ್ತಿದ್ದಾಗ ನನ್ನ ಮನಸ್ಸು ನಮ್ಮ ಕಡೆಯ ಯಕ್ಷಗಾನಕ್ಕೆ ಹೋಯಿತು. ಅಲ್ಲಿಯೂ ಇದೇ ಪ್ರಶ್ನೆಗೆ ಎರಡು ಉತ್ತರಗಳಿವೆ. ಬಯಲಾಟಕ್ಕೆ ಟಿಕೆಟ್ಟಿಲ್ಲ. ಹರಕೆ ಹೊತ್ತ ಒಂದು ಮನೆಯವರು ಮೇಳಕ್ಕೆ ಖರ್ಚು ಕೊಡುತ್ತಾರೆ, ಊರಿಗೆ ಊರೇ ಬಂದು ನೋಡುತ್ತದೆ. ಎಷ್ಟು ತಲೆ ಬಂತೆಂದು ಯಾರೂ ಎಣಿಸುವುದಿಲ್ಲ. ಕಟೀಲು ಮೇಳದ ಹರಕೆಯಾಟಕ್ಕೆ ವರ್ಷಗಟ್ಟಲೆ ಮುಂಗಡ ಬುಕ್ಕಿಂಗ್ ಇರುವುದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಇನ್ನೊಂದು ಡೇರೆ ಮೇಳ. ಗುಡಾರ ಕಟ್ಟಿ, ಗೇಟಿನಲ್ಲಿ ಟಿಕೆಟ್ ಹರಿದು, ನೆಲ, ಬೆಂಚು, ಕುರ್ಚಿ ಎಂದು ದರ ಬೇರೆ ಮಾಡಿ ಆಡಿಸುವ ಆಟ. ಬಯಲಾಟ ಪವಿತ್ರ, ಡೇರೆ ವ್ಯಾಪಾರ ಎಂದು ಹೇಳಿಬಿಡುವುದು ಸುಲಭ. ಆದರೆ ಡೇರೆಯ ಟಿಕೆಟ್ಟಿನಿಂದ ಎಷ್ಟೋ ಕಲಾವಿದರ ಮನೆಯ ಒಲೆ ಉರಿದಿದೆ. ನೋಡುವವನಿಗೆ ಪುಗಸಟ್ಟೆ ಎಂದಮಾತ್ರಕ್ಕೆ ಕುಣಿಯುವವನ ಕಾಲು ನೋಯದೇ ಇರುವುದಿಲ್ಲ. ಯಾರೋ ಎಲ್ಲೋ ಕೊಟ್ಟೇ ಇರುತ್ತಾರೆ.

ಬಯಲಾಟದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿ. ಒಂದು, ಕೊಡುವವರು ಯಾರೆಂದು ಎಲ್ಲರಿಗೂ ಗೊತ್ತು, ಅವರೂ ಗೊತ್ತಿದ್ದೇ ಕೊಡುತ್ತಾರೆ. ಎರಡು, ಮಗು ಅಲ್ಲಿ ಗಿರಾಕಿಯೂ ಅಲ್ಲ, ಗಾಳವೂ ಅಲ್ಲ. ಚಾಪೆಯ ಮೇಲೆ ನಿದ್ದೆ ಹೋಗಿ, ಮಹಿಷಾಸುರ ಬಂದಾಗ ಬೆಚ್ಚಿ ಎದ್ದು, ಮತ್ತೆ ಮಲಗುವ ಮಗುವಿನಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಇಲ್ಲಿನ ಸಮಿತಿಯ ಸಭೆಯಲ್ಲಿ ಒಬ್ಬರು ಹೇಳಿದ ಮಾತು ಇದಕ್ಕೆ ತದ್ವಿರುದ್ಧ: “ಮಗುವನ್ನು ಬಿಟ್ಟಿ ಒಳಗೆ ಬಿಡಿ, ಅದು ಫ್ರೈಸು, ಐಸ್‌ಕ್ರೀಮು, ಆಟಿಕೆ ಕಾರು ಎಂದು ಅಪ್ಪನ ಜೇಬು ಖಾಲಿ ಮಾಡುತ್ತದೆ.” ಸಭೆ ನಕ್ಕಿತು. ವ್ಯಾಪಾರದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಆಹ್ವಾನಕ್ಕೂ ಗಾಳಕ್ಕೂ ಇರುವ ಗೆರೆ ಇಲ್ಲೇ ಇದೆ. ಅದನ್ನು ಪರೀಕ್ಷಿಸಲು ನನಗೆ ತೋಚುವ ಒಂದು ದಾರಿ: ನಮ್ಮ ಉದ್ದೇಶವನ್ನು ಬಂದವರ ಎದುರೇ ಗಟ್ಟಿಯಾಗಿ ಹೇಳಬಲ್ಲೆವೇ? ‘ನಿಮ್ಮ ಮಗು ಇದನ್ನು ನೋಡಲಿ ಎಂಬ ಆಸೆ ನಮಗಿದೆ’ ಎಂದು ಬೋರ್ಡಿನಲ್ಲಿ ಬರೆಯಬಹುದು. ‘ನಿಮ್ಮ ಮಗು ನಿಮ್ಮ ಜೇಬು ಖಾಲಿ ಮಾಡಲಿ ಎಂಬ ಆಸೆ ನಮಗಿದೆ’ ಎಂದು ಬರೆಯಲಾಗುವುದಿಲ್ಲ.

ನಿಜವಾದ ಆಹ್ವಾನವಾದರೆ ಅದು ಗೇಟಿನಲ್ಲೇ ನಿಲ್ಲಬಾರದು. ನನ್ನ ಮಗನಿಗೆ ಆರು ವರ್ಷ. ಅವನಂಥವರಿಗೆ ರೇಸಿನ ಬೆಲೆ ಡಾಲರಿನಲ್ಲಿ ಮಾತ್ರ ಇಲ್ಲ. ಸಂಜೆ ಮೊದಲಿಗೆ ಅಭ್ಯಾಸದ ಸುತ್ತುಗಳು, ಆಮೇಲೆ ಪ್ರತಿ ವರ್ಗಕ್ಕೂ ಹೀಟ್ ಎನ್ನುವ ಪ್ರಾಥಮಿಕ ಓಟಗಳು, ಅದರಲ್ಲಿ ಹಿಂದೆ ಬಿದ್ದವರಿಗೆ ಇನ್ನೊಂದು ಅವಕಾಶದ ಓಟ, ನಡುವೆ ಉದ್ದನೆಯ ವಿರಾಮ. ಎಲ್ಲರೂ ಕಾಯುವ ಕೊನೆಯ ಮುಖ್ಯ ಓಟ ಬರುವಾಗ ಎಷ್ಟೋ ಸಲ ರಾತ್ರಿ ಹತ್ತೂವರೆ, ಹನ್ನೊಂದು. ಅಷ್ಟರಲ್ಲಿ ಮಕ್ಕಳು ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ, ಇಲ್ಲವೇ ಮನೆಗೆ ಹೊರಟುಹೋಗಿರುತ್ತಾರೆ. ಟಿಕೆಟ್ ಬಿಟ್ಟಿ ಕೊಟ್ಟು, ನೋಡಬೇಕಾದ್ದನ್ನೇ ಅವರು ಮಲಗಿದ ಮೇಲೆ ತೋರಿಸುವುದು ಎಂಥ ಆಹ್ವಾನ? ಬಯಲಾಟ ಬೆಳಗಿನವರೆಗೂ ನಡೆಯುತ್ತಿತ್ತಲ್ಲ ಎನ್ನಬಹುದು. ಆದರೆ ಮಗು ಅಲ್ಲಿ ಮಲಗಿದ್ದು ತನ್ನ ಊರಿನಲ್ಲೇ, ಮನೆಗೆ ಹೋಗಲು ನಡೆದರೆ ಸಾಕಿತ್ತು. ಇಲ್ಲಿ ಕತ್ತಲಲ್ಲಿ ನಲವತ್ತು ಮೈಲಿ ಕಾರು ಓಡಿಸಬೇಕು.

ಇನ್ನೊಂದು ಬೆಲೆ ಕಿವಿಯದು. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ 85 ಡೆಸಿಬಲ್ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಷ್ ಶಿಫಾರಸು ಮಾಡುತ್ತದೆ. ಅದರದೇ ಲೆಕ್ಕದಲ್ಲಿ 100 ಡೆಸಿಬಲ್ಲಿನ ಸದ್ದನ್ನು ಕಿವಿಗೆ ರಕ್ಷಣೆಯಿಲ್ಲದೆ ಕೇಳಬಹುದಾದದ್ದು ಹದಿನೈದು ನಿಮಿಷ. ಅದೂ ದೊಡ್ಡವರ ಮಾತು. ಸ್ಪ್ರಿಂಟ್ ಕಾರುಗಳ ಹತ್ತಿರ ಸದ್ದು ಇದನ್ನು ಸುಲಭವಾಗಿ ದಾಟುತ್ತದೆ. ಈ ಆಟ ಗೊತ್ತಿರುವ ಸಂಸಾರದವರು ಮಗುವಿಗೆ ಕಿವಿಮುಚ್ಚುಗ ತಂದಿರುತ್ತಾರೆ. ಮೊದಲ ಸಲ ಬಂದವರಿಗೆ ಅದು ಬೇಕೆಂಬುದೇ ಗೊತ್ತಿರುವುದಿಲ್ಲ. ನಾವು ಹೊಸದಾಗಿ ಕರೆಯುತ್ತಿರುವುದು ಅವರನ್ನೇ. ಎಂಟು ಡಾಲರ್ ಬಿಟ್ಟುಕೊಟ್ಟು ಮಗುವಿನ ಕಿವಿಯನ್ನು ಮರೆತರೆ ಅದು ಲೆಕ್ಕವೇ ಅಲ್ಲ. ಗೇಟಿನಲ್ಲಿ ಕಿವಿಮುಚ್ಚುಗಗಳನ್ನು ಎರವಲು ಕೊಟ್ಟು, ಹೋಗುವಾಗ ವಾಪಸು ಪಡೆಯುವುದು ಟಿಕೆಟ್ ಬಿಡುವುದಕ್ಕಿಂತ ದೊಡ್ಡ ಸೌಜನ್ಯ ಎಂದು ನನಗನ್ನಿಸುತ್ತದೆ.

ಈಗ ಆ ಹಿರಿಯರ ಪ್ರಶ್ನೆ. ಅದಕ್ಕೆ ‘ಮಕ್ಕಳು ಬರದಿದ್ದರೆ ಮೈದಾನ ಮುಚ್ಚುತ್ತದೆ, ಆಗ ನಿಮಗೂ ಆಟ ಇಲ್ಲ’ ಎಂಬ ಉತ್ತರ ಸಭೆಯಲ್ಲಿ ಸಿಕ್ಕಿತು. ಎಪ್ಪತ್ತೈದು ದಾಟಿದವರಿಗೆ ಆ ಉತ್ತರ ಹತ್ತುವುದಿಲ್ಲ. ಅವರ ಆಯುಷ್ಯದ ಮಟ್ಟಿಗೆ ಈಗಿರುವ ಪ್ರೇಕ್ಷಕರೇ ಸಾಕು. ಲಾಭದ ಮಾತಿನಿಂದ ಅವರನ್ನು ಒಪ್ಪಿಸಲಾಗದು. ನಮ್ಮಲ್ಲಿ ಇದಕ್ಕೆ ಒಂದು ಹಳೆಯ ಶಬ್ದ ಇದೆ, ಋಣ. ಪಿತೃಋಣವನ್ನು ತೀರಿಸುವುದು ತಂದೆಗೆ ಹಿಂದಿರುಗಿಸಿ ಅಲ್ಲ, ಮಕ್ಕಳನ್ನು ಬೆಳೆಸಿ ಎಂದು ಹಿರಿಯರು ಹೇಳುತ್ತಿದ್ದರು. ಪಡೆದದ್ದು ಹಿಂದಿನವರಿಂದ, ಕೊಡಬೇಕಾದದ್ದು ಮುಂದಿನವರಿಗೆ. ಆ ಹಿರಿಯರು ತಮ್ಮ ಮಕ್ಕಳ ಟಿಕೆಟ್ ತಾವೇ ಕೊಂಡರು, ನಿಜ. ಆದರೆ ಅವರು ಹುಡುಗನಾಗಿ ಬಂದು ಕುಳಿತ ಗ್ಯಾಲರಿಯನ್ನು ಕಟ್ಟಿದವರು ಅವರಲ್ಲ. ಆ ಮಣ್ಣನ್ನು ಮೊದಲು ಹದ ಮಾಡಿದವರೂ ಅವರಲ್ಲ. ಯಾವ ಟಿಕೆಟ್ಟೂ ಅದರ ಪೂರ್ತಿ ಬೆಲೆಯನ್ನು ವಸೂಲು ಮಾಡಿರಲಿಲ್ಲ.

ಆದರೆ ಋಣ ಎಂಬುದು ಋಣಿಯೇ ಒಪ್ಪಿಕೊಂಡು ತೀರಿಸಬೇಕಾದದ್ದು. ಬೇರೆಯವರು ಅದನ್ನು ಕದ್ದು ವಸೂಲು ಮಾಡಿದರೆ ಅದು ಋಣವಲ್ಲ, ಸುಲಿಗೆ. ಎರಡು ಡಾಲರನ್ನು ಟಿಕೆಟ್ಟಿನೊಳಗೆ ಬಚ್ಚಿಡುವುದಕ್ಕೆ ನಾನು ಸಭೆಯಲ್ಲಿ ಒಪ್ಪಲಿಲ್ಲ. ಟಿಕೆಟ್ 20 ಇರಲಿ, ಕೆಳಗೆ ಇನ್ನೊಂದು ಸಾಲು ಇರಲಿ: ‘ಮಕ್ಕಳ ಪಾಲು, 2 ಡಾಲರ್’. ಬೇಡ ಎಂದವರನ್ನು ಕಾರಣ ಕೇಳುವುದು ಬೇಡ. ಬಹುಮಾನದ ಹಣವನ್ನು ಮಾತ್ರ ಮುಟ್ಟುವುದು ಬೇಡ. ವಿರಾಮವನ್ನು ಅರ್ಧಕ್ಕೆ ಇಳಿಸಿ ಹತ್ತು ಗಂಟೆಯೊಳಗೆ ಮುಖ್ಯ ಓಟ ಮುಗಿಸೋಣ ಎಂದೂ ಹೇಳಿದೆ. ಅದರಿಂದ ತಿಂಡಿಯ ಕೌಂಟರಿಗೆ ನಷ್ಟ ಎಂದು ಗೊತ್ತು. ಪುಗಸಟ್ಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜನ ಎಲ್ಲೆಡೆ ಇರುತ್ತಾರೆ, ಕೊಡದೆ ತಪ್ಪಿಸಿಕೊಳ್ಳುವವರು ಹೆಚ್ಚಾಗಿ ನಿಮ್ಮ ಯೋಜನೆ ಮುಳುಗುತ್ತದೆ ಎಂದರು ಕೆಲವರು. ಮುಳುಗಬಹುದು. ಹಾಗಾದರೆ, ಮಕ್ಕಳು ಬರಬೇಕೆಂಬ ನಮ್ಮ ಮಾತಿಗೆ ಎರಡು ಡಾಲರಿನಷ್ಟೂ ತೂಕ ಇರಲಿಲ್ಲ ಎಂದಾದರೂ ನಮಗೆ ತಿಳಿಯುತ್ತದೆ.

ಈ ಹಂಗಾಮಿಗೆ ಸಮಿತಿ ಆ ಸಾಲನ್ನು ಬರೆಸಲು ಒಪ್ಪಿದೆ, ಸಮಯದ ಮಾತನ್ನು ಮುಂದಕ್ಕೆ ಹಾಕಿದೆ. ನನಗೆ ಅರ್ಧ ಸಮಾಧಾನ. ದರ ಇಳಿಸುವುದಕ್ಕಿಂತ ಗಡಿಯಾರ ಬದಲಿಸುವುದು ಕಷ್ಟ. ದುಡ್ಡು ಕೊಟ್ಟರೆ ಮುಗಿಯುತ್ತದೆ, ಸಮಯ ಕೊಡಬೇಕಾದರೆ ನಮ್ಮ ಅಭ್ಯಾಸವನ್ನೇ ಬಿಡಬೇಕು. ಒಂದು ಮಗುವಿಗೆ ‘ಬಾ’ ಎನ್ನುವುದರ ನಿಜವಾದ ಬೆಲೆ ಅದೇ ಇರಬೇಕು.