ಉಪವಾಸವೂ ಉತ್ಸರ್ಗವೂ

ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಗೊಳ್ಳುವ ಶ್ರಾವಕನು ಏನನ್ನು ಸ್ವೀಕರಿಸಬಾರದೆಂಬುದನ್ನು ಚೆನ್ನಾಗಿ ಬಲ್ಲನು. ಆದರೆ ಏನನ್ನು ಎಲ್ಲಿ, ಹೇಗೆ ಬಿಡಬೇಕೆಂಬುದರತ್ತ ಅವನ ಲಕ್ಷ್ಯ ಅಷ್ಟಾಗಿ ಹರಿಯದು. ಶ್ರೀ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ತಿಳಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು ಆಹಾರಕ್ಕೆ ಸಂಬಂಧಿಸಿದುದಲ್ಲ; ನೆಲವನ್ನು ನೋಡದೆ, ಶೋಧಿಸದೆ ಮಲಾದಿಗಳನ್ನು ವಿಸರ್ಜಿಸುವುದೇ ಆ ದೋಷ. ಮುನಿಗಳ ಐದು ಸಮಿತಿಗಳಲ್ಲಿ ಕಡೆಯದಾದ ಉತ್ಸರ್ಗ ಸಮಿತಿಯ ಆಶಯವೂ ಇದೇ ಆಗಿದೆ.

ಈ ಎಚ್ಚರವು ನಮ್ಮ ಮನೆಯ ಕಸಕ್ಕೂ ಅನ್ವಯಿಸುವುದೇ ಎಂಬುದು ಇಲ್ಲಿಯ ಪ್ರಶ್ನೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ವಿಂಗಡಿಸಬೇಕೆಂದು ವಿಧಿಸಿದವು. ಮರುಬಳಕೆಗೂ ಗೊಬ್ಬರಕ್ಕೂ ಬಾರದ ಶೇಷ ಮಾತ್ರ ಭೂಭರ್ತಿಗೆ, ಎಂದರೆ ಕಸ ತುಂಬುವ ನೆಲಕ್ಕೆ, ಹೋಗಬೇಕೆಂಬುದು ಅವುಗಳ ಉದ್ದೇಶ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತಹ ಊರುಗಳಲ್ಲಿ ಸ್ಥಳೀಯ ಸಂಸ್ಥೆಗಳು ಎಷ್ಟು ವಾಹನಗಳನ್ನು ಓಡಿಸಿದರೂ ಈ ಕಾರ್ಯದ ಮೊದಲ ಹೆಜ್ಜೆ ಗೃಹಿಣಿಯ ಅಡಿಗೆಮನೆಯಲ್ಲಿಯೇ ಇಡಲ್ಪಡಬೇಕು. ಎಲ್ಲವೂ ಒಂದೇ ಚೀಲದಲ್ಲಿ ಬೆರೆತರೆ ಕಾಗದ ಕೊಳೆಯುತ್ತದೆ, ಗೊಬ್ಬರದಲ್ಲಿ ಗಾಜು ಸೇರುತ್ತದೆ. ನಾವು ಬೇರ್ಪಡಿಸದುದನ್ನು ಒಬ್ಬ ಪೌರಕಾರ್ಮಿಕನ ಕೈ ಬೇರ್ಪಡಿಸಬೇಕಾಗುತ್ತದೆ.

"ವಾಹನಕ್ಕೆ ಹಾಕಿದ ಮೇಲೆ ಅದು ಪುರಸಭೆಯ ಹೊಣೆ" ಎಂದು ಕೆಲವರು ಹೇಳಬಹುದು. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಅರಿತವರು ಹೀಗೆ ಹೇಳುವಂತಿಲ್ಲ. ಬೆಂಗಳೂರಿನ ಕಸವನ್ನು ಬಹುಕಾಲ ಹೊತ್ತ ಮಂಡೂರು ಗ್ರಾಮದ ಜನರು 2014ರಲ್ಲಿ ಹೋರಾಟಕ್ಕಿಳಿದುದನ್ನು ನೆನೆಯಬೇಕು. ನಗರದವರು 'ಹೊರಗೆ' ಹಾಕಿದುದು ಇನ್ನೊಬ್ಬರ ಅಂಗಳದಲ್ಲಿ ಬಿದ್ದಿತ್ತು. ನಮ್ಮ ಜಿಲ್ಲೆಯಲ್ಲಿಯಂತೂ ವರ್ಷವಿಡೀ ಹರಿಯುವ ನದಿಯಿಲ್ಲ; ಕೆರೆ ಮತ್ತು ಕೊಳವೆಬಾವಿಗಳೇ ಆಧಾರ. ಕಸದ ರಾಶಿಯಿಂದ ಇಳಿದ ವಿಷರಸ ನೆಲದೊಳಗಿನ ನೀರನ್ನು ಸೇರಿದರೆ ಅದನ್ನು ಯಾವ ವಸ್ತ್ರದಿಂದ ಸೋಸಬಲ್ಲೆವು?

ಇನ್ನೊಂದು ಶಂಕೆ ಅಲಕ್ಷಿಸತಕ್ಕುದಲ್ಲ. ಹಸಿ ಕಸವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲಿ ಜೀವೋತ್ಪತ್ತಿಯಾಗುತ್ತದೆ. ಅದು ಹಿಂಸೆಗೆ ಕಾರಣವಲ್ಲವೇ ಎಂದು ಧರ್ಮಭೀರುಗಳು ಕೇಳುತ್ತಾರೆ. ನಿಜ. ಆದರೆ ಕೊಳೆಯುವ ವಸ್ತು ದೂರ ಹೋದ ಮಾತ್ರಕ್ಕೆ ಕೊಳೆಯದೆ ಉಳಿಯದು. ನಮ್ಮ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ಅಲ್ಲಿಯೂ ಜೀವಗಳು ಹುಟ್ಟುತ್ತವೆ. ರಾಶಿಗೆ ಬೆಂಕಿ ಬಿದ್ದರೆ ಬೇಯುತ್ತವೆ. ಎಂಜಲಿನ ವಾಸನೆಗೆ ಬಂದ ಹಸು ಚೀಲವನ್ನೂ ನುಂಗಿ ನರಳುತ್ತದೆ. ಗೃಹಸ್ಥನಿಗೆ ಆರಂಭಹಿಂಸೆ ಪೂರ್ಣವಾಗಿ ತಪ್ಪದು. ಆದರೆ ಅನರ್ಥವಾದುದನ್ನು ತ್ಯಜಿಸುವುದು ಸಾಧ್ಯ. ಆದುದರಿಂದ ಮೊದಲು ಬೇಕಾದಷ್ಟೇ ಅಡಿಗೆ ಮಾಡಬೇಕು. ಎಲೆಯಲ್ಲಿ ಏನನ್ನೂ ಬಿಡಬಾರದು. ಸಿಪ್ಪೆಯನ್ನು ಅಂದೇ ದನಕರುಗಳಿಗೆ ಕೊಡಬೇಕು. ಅನಿವಾರ್ಯವಾಗಿ ಉಳಿದುದು ಮಾತ್ರ ಗುಂಡಿಗೆ ಹೋಗಲಿ.

ನಮ್ಮ ಹಿರಿಯರು ನೀರು ಸೋಸಿದ ಮೇಲೆ ವಸ್ತ್ರವನ್ನು ಎಲ್ಲೆಂದರಲ್ಲಿ ಕೊಡವುತ್ತಿರಲಿಲ್ಲ. ಅದರಲ್ಲಿ ಉಳಿದ ಜೀವಗಳನ್ನು ಸೇದಿದ ಬಾವಿಗೇ ಮೆಲ್ಲನೆ ಇಳಿಬಿಡುತ್ತಿದ್ದರು. ಪ್ರತಿಯೊಂದನ್ನೂ ಅದರ ಸ್ಥಾನಕ್ಕೆ ಮರಳಿಸಬೇಕೆಂಬ ವಿವೇಕ ನಮಗೆ ಹೊಸತಲ್ಲ. ಅನ್ನಶೇಷವನ್ನು ಮಣ್ಣಿಗೆ, ಕಾಗದ ಲೋಹಗಳನ್ನು ಮರುಬಳಕೆಗೆ ಒಪ್ಪಿಸುವುದೂ ಅದೇ ವಿವೇಕದ ವಿಸ್ತಾರವೇ ಆಗಿದೆ.

ದಶಲಕ್ಷಣ ಪರ್ವದ ಉಪವಾಸಗಳ ನಂತರ ನಡೆಯುವ ಸಾಮೂಹಿಕ ಪಾರಣೆಯನ್ನು ಸ್ಮರಿಸಿಕೊಳ್ಳೋಣ. ದೇಹವನ್ನು ದಂಡಿಸಿ ಗಳಿಸಿದ ಸಂಯಮವು ಒಂದು ಹೊತ್ತಿನ ಊಟದ ಬಳಿಕ ಬಸದಿಯ ಹಿಂಬದಿಯಲ್ಲಿ ಪ್ಲಾಸ್ಟಿಕ್ ಲೋಟಗಳ ರಾಶಿಯಾಗಿ ಬೀಳುವುದು ಶೋಭಿಸುವುದೇ? ಬಾಳೆಯೆಲೆ, ಮುತ್ತುಗದ ಎಲೆ, ತೊಳೆದಿಡುವ ಸ್ಟೀಲ್ ಲೋಟಗಳು ನಮಗೆ ದುರ್ಲಭವಲ್ಲ.

ಶ್ರಾವಕ ಶ್ರಾವಿಕೆಯರು ಉಪವಾಸದ ಸಂಕಲ್ಪದೊಡನೆ ಈ ಅಲ್ಪ ನಿಯಮವನ್ನೂ ಸ್ವೀಕರಿಸಲಿ: ನೋಡದೆ ಏನನ್ನೂ ಬಿಸುಡೆನು, ಅದು ಎಲ್ಲಿಗೆ ಹೋಗುವುದೆಂದು ಅರಿಯದೆ ಮನೆಯಿಂದ ಹೊರಡಿಸೆನು. ಸ್ವೀಕಾರದಲ್ಲಿರುವ ಎಚ್ಚರ ವಿಸರ್ಜನೆಯಲ್ಲಿಯೂ ನೆಲೆಸಿದಾಗಲೇ ವ್ರತವು ನಿರತಿಚಾರವಾಗುವುದು.