ಯಂತ್ರದ ಅಂಕುಶ, ಸಾರಥಿಯ ವಿವೇಕ

ಕಠೋಪನಿಷತ್ತಿನಲ್ಲಿ ಒಂದು ರಥದ ರೂಪಕ ಬರುತ್ತದೆ. ಶರೀರವೇ ರಥ, ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಕಡಿವಾಣ, ಬುದ್ಧಿಯೇ ಸಾರಥಿ, ಆತ್ಮನೇ ರಥದ ಒಡೆಯ. ಸಾರಥಿಗೆ ವಿವೇಕವಿದ್ದರೆ ಕುದುರೆಗಳು ಹೇಳಿದಂತೆ ಕೇಳುತ್ತವೆ; ಇಲ್ಲವಾದರೆ ರಥ ದಾರಿ ತಪ್ಪುತ್ತದೆ. ನಮ್ಮ ಕಾಲದಲ್ಲಿ ಈ ರೂಪಕಕ್ಕೆ ಹೊಸ ಪಾತ್ರವೊಂದು ಸೇರಿಕೊಂಡಿದೆ. ಕಡಿವಾಣ ಸಾರಥಿಯ ಕೈಯಲ್ಲೇ ಇರುತ್ತದೆ; ಆದರೂ ಅವನು ತಪ್ಪಿದ ಕ್ಷಣದಲ್ಲಿ ಅವನನ್ನು ಕೇಳದೆಯೇ ಕುದುರೆಯನ್ನು ಸೆಳೆದು ಹಿಡಿಯುವ ಇನ್ನೊಂದು ಕೈ ರಥದೊಳಗೇ ಅಡಗಿ ಕುಳಿತಿದೆ. ಇಂದಿನ ವೇಗದ ಕಾರುಗಳಲ್ಲಿರುವ ಎಲೆಕ್ಟ್ರಾನಿಕ್ ಹತೋಟಿ ವ್ಯವಸ್ಥೆಗಳೇ ಆ ಕೈ. ಇಲ್ಲಿ ನಾವು ಕೇಳಿಕೊಳ್ಳಬೇಕೆಂದಿರುವ ಪ್ರಶ್ನೆ ಯಂತ್ರಶಾಸ್ತ್ರದ್ದಲ್ಲ, ನೀತಿಯದು. ತಪ್ಪನ್ನು ತಿದ್ದುವ ಯಂತ್ರವೊಂದು ಜೊತೆಗಿರುವಾಗ, ತಪ್ಪು ಮಾಡದಿರುವ ಹೊಣೆ ಮನುಷ್ಯನ ಮೇಲೆ ಎಷ್ಟು ಉಳಿಯುತ್ತದೆ?

ಮೊದಲು ಈ ಯಂತ್ರದ ಕೆಲಸವನ್ನು ತಿಳಿಯೋಣ. ಬಲಶಾಲಿಯಾದ ಎಂಜಿನ್ನಿನ ಒತ್ತಡಕ್ಕೆ ಚಕ್ರವು ನೆಲವನ್ನು ಹಿಡಿಯಲಾರದೆ ನಿಂತಲ್ಲೇ ಗಿರಗಿರನೆ ತಿರುಗತೊಡಗಿದರೆ, ಎಂಜಿನ್ನಿನ ಬಲವನ್ನು ತಗ್ಗಿಸುವುದು, ಇಲ್ಲವೇ ಆ ಚಕ್ರಕ್ಕೆ ತುಸು ಬ್ರೇಕು ಹಾಕುವುದು ಟ್ರ್ಯಾಕ್ಷನ್ ಕಂಟ್ರೋಲ್. ಅದಕ್ಕಿಂತ ಮುಂದಿನದು ಸ್ಟೆಬಿಲಿಟಿ ಕಂಟ್ರೋಲ್, ಎಂದರೆ ಸ್ಥಿರತೆಯ ಹತೋಟಿ. ಸ್ಟಿಯರಿಂಗ್ ಎತ್ತ ತಿರುಗಿದೆ, ಕಾರು ನಿಜವಾಗಿ ಎತ್ತ ತಿರುಗುತ್ತಿದೆ, ಒಂದೊಂದು ಚಕ್ರವೂ ಎಷ್ಟು ವೇಗದಲ್ಲಿ ಉರುಳುತ್ತಿದೆ ಎಂಬುದನ್ನು ಅದು ಕ್ಷಣಕ್ಷಣವೂ ಅಳೆಯುತ್ತದೆ. ಚಾಲಕ ಬಯಸಿದ ದಾರಿಗೂ ಕಾರು ಹಿಡಿದ ದಾರಿಗೂ ಅಂತರ ಕಂಡರೆ ಯಾವುದಾದರೂ ಒಂದು ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ಕಾರನ್ನು ದಾರಿಗೆ ತರುತ್ತದೆ. ತಿರುವಿನಲ್ಲಿ ಹಿಂಭಾಗ ಜಾರಿ ಹೊರಕ್ಕೆ ಬೀಸಿದರೆ ಹೊರಬದಿಯ ಮುಂದಿನ ಚಕ್ರಕ್ಕೆ, ಮುಂಭಾಗವೇ ತಿರುಗದೆ ನೇರ ಹೊರಟರೆ ಒಳಬದಿಯ ಹಿಂದಿನ ಚಕ್ರಕ್ಕೆ. ಎಷ್ಟೇ ನುರಿತ ಚಾಲಕನಿಗೂ ನಾಲ್ಕು ಚಕ್ರಗಳಿಗೆ ಬೇರೆಬೇರೆಯಾಗಿ ಬ್ರೇಕು ಹಾಕುವುದು ಸಾಧ್ಯವಿಲ್ಲ. ಅವನಿಗಿರುವುದು ಒಂದೇ ಪೆಡಲು.

ಚಕ್ರಗಳು ಬಿಗಿದು ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆ 1978ರಲ್ಲಿ ಜರ್ಮನಿಯ ಮರ್ಸಿಡಿಸ್ ಕಾರಿನಲ್ಲಿ ಬಂದಿತು. ಸ್ಥಿರತೆಯ ಹತೋಟಿ 1995ರಲ್ಲಿ ಬಂದಿತು. ಆಗ ಅದು ಸಿರಿವಂತರ ಸೊತ್ತಾಗಿತ್ತು. ಅದನ್ನು ಕೆಳಗಿಳಿಸಿದ್ದು ಅಪಘಾತಗಳೇ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಮರ್ಸಿಡಿಸ್ಸಿನ ಚಿಕ್ಕ ಕಾರೊಂದನ್ನು, ರಸ್ತೆಗೆ ಅಡ್ಡಬಂದ ದೊಡ್ಡ ಪ್ರಾಣಿಯನ್ನು ತಪ್ಪಿಸುವ ರೀತಿಯಲ್ಲಿ ತಟಕ್ಕನೆ ಹೊರಳಿಸಿ ಪರೀಕ್ಷಿಸಿದಾಗ ಅದು ಮಗುಚಿಬಿದ್ದಿತು. ಆ ಬಳಿಕ ಆ ಮಾದರಿಯ ಎಲ್ಲ ಕಾರುಗಳಿಗೂ ಈ ವ್ಯವಸ್ಥೆ ಬಂದಿತು. 1998ರಲ್ಲಿ ಮಾರುಕಟ್ಟೆಗೆ ಬಂದ ಆಡಿ ಟಿಟಿ ಎಂಬ ಸ್ಪೋರ್ಟ್ಸ್ ಕಾರು ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಹಿಡಿತ ತಪ್ಪಿ ಜೀವಗಳನ್ನು ಬಲಿ ತೆಗೆದುಕೊಂಡಾಗ, ಕಂಪನಿಯು ಕಾರುಗಳನ್ನು ಹಿಂದಕ್ಕೆ ಕರೆಸಿ ಹಿಂಬದಿಗೆ ಗಾಳಿಯನ್ನೊತ್ತುವ ರೆಕ್ಕೆಯನ್ನೂ ಒಳಗೆ ಸ್ಥಿರತೆಯ ಹತೋಟಿಯನ್ನೂ ಜೋಡಿಸಿತು. 2012ರ ಮಾದರಿಗಳಿಂದ ಅಮೆರಿಕವು ಎಲ್ಲ ಹೊಸ ಕಾರುಗಳಲ್ಲೂ ಇದನ್ನು ಕಡ್ಡಾಯಗೊಳಿಸಿತು. ಒಂದೇ ವಾಹನ ತಾನಾಗಿ ದಾರಿ ತಪ್ಪಿ ಸಂಭವಿಸುವ ಮಾರಣಾಂತಿಕ ಅಪಘಾತಗಳ ಅಪಾಯವನ್ನು ಇದು ಸುಮಾರು ಅರ್ಧಕ್ಕೆ ಇಳಿಸಿದೆ ಎಂದು ಅಲ್ಲಿನ ವಿಮಾ ಸಂಸ್ಥೆಗಳ ಸಂಶೋಧನೆ ಹೇಳುತ್ತದೆ. ಇಷ್ಟು ಜೀವಗಳನ್ನು ಕಾಯ್ದ ಉಪಕರಣವನ್ನು ಹಳಿಯುವುದು ಕೃತಘ್ನತೆಯಾದೀತು. ನಮ್ಮ ಉದ್ದೇಶ ಅದಲ್ಲ.

ಆದರೆ ಅದರ ಶಕ್ತಿಗೊಂದು ಎಲ್ಲೆಯುಂಟು. ಆ ಎಲ್ಲೆಯನ್ನು ಹಾಕಿದ್ದು ಕಂಪನಿಯಲ್ಲ, ಪ್ರಕೃತಿ. ಕಾರು ಎಷ್ಟೇ ಬೆಲೆಬಾಳಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದೂ ಸುಮಾರು ಅಂಗೈಯಗಲ. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ನಡೆಯಬೇಕು. ಐವತ್ತು ಮೀಟರ್ ತ್ರಿಜ್ಯದ ಒಂದು ತಿರುವನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ದಾಟಲು ಕಾರಿನ ತೂಕದ ಸುಮಾರು ಶೇಕಡ 57ರಷ್ಟು ಹಿಡಿತ ಬೇಕು. ಒಣ ರಸ್ತೆಯಲ್ಲಿ ಒಳ್ಳೆಯ ಟಯರು ಇದನ್ನು ಸಲೀಸಾಗಿ ಕೊಡುತ್ತದೆ. ಮಳೆಯಲ್ಲಿ ಸವೆದ ಟಯರು ಕೊಡಲಾರದು. ಅದೇ ತಿರುವಿನಲ್ಲಿ ವೇಗ 80 ಆದರೆ ಕಾರಿನ ಇಡೀ ತೂಕದಷ್ಟು ಹಿಡಿತ ಬೇಕಾಗುತ್ತದೆ. ವೇಗ ಹೆಚ್ಚಿದ್ದು ಮೂರನೆಯ ಒಂದು ಪಾಲು, ಬೇಡಿಕೆ ಹೆಚ್ಚಿದ್ದು ಮುಕ್ಕಾಲು ಪಾಲಿಗೂ ಮಿಗಿಲು. ಏಕೆಂದರೆ ಬೇಡಿಕೆ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಸ್ಪೋರ್ಟ್ಸ್ ಕಾರಿನ ಮೆದು ಟಯರು ಒಣ ನೆಲದಲ್ಲಿ ಇದನ್ನೂ ಹೇಗೋ ನಿಭಾಯಿಸಬಹುದು. ಆದರೆ ನೀರಿನ ಪದರದ ಮೇಲೆ ತೇಲಿದ ಟಯರಿಗೆ ಹಿಡಿಯಲು ನೆಲವೇ ಇಲ್ಲ. ಅಲ್ಲಿ ಯಾವ ಚಕ್ರಕ್ಕೆ ಬ್ರೇಕು ಹಾಕಿ ಏನು ಫಲ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಎಲೆಕ್ಟ್ರಾನಿಕ್ ಹತೋಟಿಯು ಇರುವ ಹಾಸಿಗೆಯನ್ನು ಜಾಣತನದಿಂದ ಹಂಚಿಕೊಡುತ್ತದೆಯೇ ಹೊರತು ಹಾಸಿಗೆಯನ್ನು ಒಂದಂಗುಲವೂ ಉದ್ದ ಮಾಡುವುದಿಲ್ಲ. ತಾಳವಾಡಿಯ ನಾವೆಲ್ಲ ಸತ್ಯಮಂಗಲಕ್ಕೆ ಇಳಿಯುವಾಗ ದಿಂಬಂ ಘಾಟಿಯ 27 ಕೊಕ್ಕೆ ತಿರುವುಗಳನ್ನು ದಾಟುವವರೇ. ತಿರುವಿನ ಆಚೆ ಲಾರಿ ಕೆಟ್ಟುನಿಂತಿದೆಯೋ, ಆನೆ ನಿಂತಿದೆಯೋ ಎಂಬುದು ಚಕ್ರದ ವೇಗವನ್ನಷ್ಟೇ ಅಳೆಯುವ ಯಂತ್ರಕ್ಕೆ ಹೇಗೆ ತಿಳಿಯಬೇಕು? ಅದಕ್ಕೆ ಗೊತ್ತಿರುವುದು ಈ ಕ್ಷಣ. ಮುಂದಿನ ಕ್ಷಣವನ್ನು ಊಹಿಸುವುದು ಮನುಷ್ಯನ ಪಾಲಿನ ಕೆಲಸ.

ಇಲ್ಲಿಂದ ನೀತಿಯ ಪ್ರಶ್ನೆ ಮೊದಲಾಗುತ್ತದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಮೇಲೆ ನಡೆದ ಅಧ್ಯಯನವೊಂದು ಹೆಸರಾಗಿದೆ. ಕೆಲವು ಟ್ಯಾಕ್ಸಿಗಳಿಗೆ ಜಾರದ ಬ್ರೇಕು ಇತ್ತು, ಕೆಲವಕ್ಕೆ ಇರಲಿಲ್ಲ, ಉಳಿದೆಲ್ಲ ಒಂದೇ. ಒಳ್ಳೆಯ ಬ್ರೇಕಿನ ಟ್ಯಾಕ್ಸಿಗಳಿಗೆ ಅಪಘಾತ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಆ ಚಾಲಕರು ತಿರುವುಗಳನ್ನು ಇನ್ನಷ್ಟು ಬಿರುಸಾಗಿ ತೆಗೆದುಕೊಳ್ಳುತ್ತಿದ್ದರು, ಮುಂದಿನ ವಾಹನಕ್ಕೆ ಇನ್ನಷ್ಟು ಹತ್ತಿರ ಹೋಗುತ್ತಿದ್ದರು. ಯಂತ್ರ ಕೊಟ್ಟ ರಕ್ಷಣೆಯನ್ನು ಅವರು ವೇಗವಾಗಿ ಖರ್ಚು ಮಾಡಿಬಿಟ್ಟಿದ್ದರು. ಆ ಮೇಲೆ ಕಂಪನಿಯು ದುರಸ್ತಿಯ ವೆಚ್ಚದಲ್ಲಿ ಒಂದು ಪಾಲನ್ನು ಚಾಲಕರೇ ಭರಿಸಬೇಕೆಂದೂ, ಅಪಘಾತ ವಿಪರೀತವಾದರೆ ಕೆಲಸ ಹೋಗುವುದೆಂದೂ ಗೊತ್ತುಮಾಡಿದಾಗ ಅಪಘಾತಗಳು ಇಳಿದವು. ಬ್ರೇಕು ಮಾಡಲಾಗದ್ದನ್ನು ಹೊಣೆಗಾರಿಕೆ ಮಾಡಿತು.

ಹಾಗಾದರೆ ಸ್ಥಿರತೆಯ ಹತೋಟಿ ಮಾತ್ರ ಅಷ್ಟೊಂದು ಜೀವಗಳನ್ನು ಉಳಿಸಿದ್ದು ಹೇಗೆ? ನಮಗೆ ತೋರುವ ಕಾರಣ ಇದು. ಬ್ರೇಕಿನ ಗುಣವನ್ನು ಚಾಲಕ ದಿನವೂ ಕಾಲಿನಲ್ಲಿ ಅನುಭವಿಸುತ್ತಾನೆ. ಅದನ್ನು ನಂಬಿ ಸಾಹಸಕ್ಕಿಳಿಯುತ್ತಾನೆ. ಸಾಮಾನ್ಯ ಕಾರಿನ ಸ್ಥಿರತೆಯ ಹತೋಟಿಯಾದರೋ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಎಚ್ಚರಗೊಳ್ಳುವ ಕಾವಲುಗಾರ. ಅದು ಇದೆಯೆಂಬುದೇ ಎಷ್ಟೋ ಮಂದಿಗೆ ತಿಳಿಯದು. ತಿಳಿಯದ ಗಂಟನ್ನು ಖರ್ಚು ಮಾಡುವವರು ಯಾರು? ಸ್ಪೋರ್ಟ್ಸ್ ಕಾರಿನಲ್ಲಿ ಈ ಗುಟ್ಟು ಬಯಲಾಗುತ್ತದೆ. ನೂರಾರು ಅಶ್ವಶಕ್ತಿಯ ಎಂಜಿನ್ನಿನ ಮುಂದೆ ಕುಳಿತವನು ಎಲ್ಲೆಯನ್ನು ಹುಡುಕಿಕೊಂಡೇ ಹೊರಡುತ್ತಾನೆ. ಎಚ್ಚರಿಕೆಯ ದೀಪ ಮಿನುಗಿದರೆ ಅದನ್ನು ಗದರಿಕೆಯೆಂದು ತಿಳಿಯದೆ, ಇಲ್ಲಿಯವರೆಗೆ ಬರಬಹುದು ಎಂಬ ಅನುಮತಿಯೆಂದು ತಿಳಿಯುತ್ತಾನೆ. ಮೇಷ್ಟ್ರು ತಿದ್ದುತ್ತಾರೆ ಎಂಬ ಧೈರ್ಯದಿಂದ ಕಾಗುಣಿತ ಕಲಿಯದೆ ಹೋದ ಮಕ್ಕಳನ್ನು ಶಾಲೆಯಲ್ಲಿ ನಾವು ಕಂಡಿದ್ದೇವೆ. ಕೆಂಪು ಶಾಯಿಯ ಗೆರೆ ಇರುವುದು ಮುಂದಿನ ಬಾರಿ ಅದು ಬೇಡವಾಗಲಿ ಎಂಬುದಕ್ಕೆ.

ಓಟದ ಲೋಕ ಈ ಮಾತನ್ನು ತನ್ನ ರೀತಿಯಲ್ಲಿ ಅರಿತಿದೆ. ಫಾರ್ಮುಲಾ ಒನ್ ಪಂದ್ಯಗಳಲ್ಲಿ 1994ರಲ್ಲಿ ಇಂಥ ಸಹಾಯಗಳನ್ನು ನಿಷೇಧಿಸಲಾಯಿತು. 2001ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲಿಗೆ ಮತ್ತೆ ಅವಕಾಶ ಕೊಟ್ಟು 2008ರಲ್ಲಿ ಪುನಃ ತೆಗೆದುಹಾಕಿದರು. ಗೆಲುವು ಯಂತ್ರದ್ದೋ ಚಾಲಕನದೋ ಎಂಬ ಪ್ರಶ್ನೆ ಅಲ್ಲಿ ನ್ಯಾಯವಾದದ್ದೇ. ಆ ಅಪಾಯವನ್ನು ಅವರು ತಿಳಿದು ಒಪ್ಪಿದ್ದಾರೆ, ಓಟದ ಅಂಗಳಕ್ಕೆ ಬೇಲಿಯಿದೆ. ಆದರೆ ಗುಂಡಿಯೊತ್ತಿ ಈ ಹತೋಟಿಯನ್ನು ಆರಿಸಿ, ತನ್ನ ಕೈಚಳಕವನ್ನು ಊರ ರಸ್ತೆಯಲ್ಲಿ ಪರೀಕ್ಷಿಸುವವನ ಮಾತು ಬೇರೆ. ಅವನ ಪರೀಕ್ಷೆಯಲ್ಲಿ ಹಾಲು ತರಲು ಹೊರಟ ಮುದುಕಿ, ಸೈಕಲ್ಲಿನ ಹುಡುಗ, ಪಕ್ಕದಲ್ಲಿ ಕುಳಿತ ಗೆಳೆಯ ಇವರೆಲ್ಲರೂ ಒಪ್ಪಿಗೆಯಿಲ್ಲದೆ ಪಣವಾಗುತ್ತಾರೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಹಾಲಿವುಡ್ ನಟ ಪಾಲ್ ವಾಕರ್ ತೀರಿಕೊಂಡದ್ದು ಪಕ್ಕದ ಆಸನದಲ್ಲಿ ಕುಳಿತಿದ್ದಾಗಲೇ. ಆ ಪೋರ್ಶೆ ಕರೇರಾ ಜಿಟಿ ಕಾರಿಗೆ ಸ್ಥಿರತೆಯ ಹತೋಟಿ ಇರಲಿಲ್ಲ. ತನಿಖೆ ನಡೆಸಿದವರು ಬೊಟ್ಟುಮಾಡಿದ್ದು ಅತಿವೇಗವನ್ನು. ಟಯರುಗಳು ಒಂಬತ್ತು ವರ್ಷ ಹಳೆಯವೆಂಬುದನ್ನೂ ಗುರುತಿಸಿದರು. ಹತೋಟಿ ಇದ್ದಿದ್ದರೆ ಎಂಬ ವಾದ ಇರಲಿ. ವೇಗವನ್ನು ಆರಿಸಿಕೊಳ್ಳುವುದೂ ಟಯರನ್ನು ನೋಡಿಕೊಳ್ಳುವುದೂ ಮನುಷ್ಯರ ಪಾಲಿನ ಕೆಲಸಗಳಾಗಿದ್ದವು.

ಇನ್ನೊಂದು ಅಸಮತೆಯನ್ನೂ ಗಮನಿಸಬೇಕು. ಯಂತ್ರದ ರಕ್ಷಣೆ ಮೊದಲು ಸಲ್ಲುವುದು ಕಾರಿನ ಒಳಗಿರುವವನಿಗೆ. ಆ ರಕ್ಷಣೆಯನ್ನು ನಂಬಿ ಅವನು ಹೆಚ್ಚಿಸಿದ ವೇಗದ ಪೆಟ್ಟು ಬೀಳುವುದು ಹೊರಗಿರುವವನಿಗೂ. ಚಾಲಕನ ಭಯ ಕಡಿಮೆಯಾಯಿತೆಂದರೆ ದಾರಿಹೋಕನ ಅಪಾಯ ಕಡಿಮೆಯಾಯಿತೆಂದಲ್ಲ. ಆದುದರಿಂದ ನಮ್ಮ ಪ್ರಶ್ನೆಗೆ ಉತ್ತರ ಹೀಗಾಗುತ್ತದೆ: ತಿದ್ದುವ ಕೈ ಬಂದಾಗ ಸಾರಥಿಯ ಹೊಣೆ ಇಳಿಯುವುದಿಲ್ಲ, ಇನ್ನಷ್ಟು ಏರುತ್ತದೆ. ಕೊಟ್ಟ ರಕ್ಷಣೆಯನ್ನು ಕಷ್ಟಕಾಲದ ಗಂಟಾಗಿ ಉಳಿಸಿಕೊಳ್ಳಬೇಕೋ, ವೇಗದ ಮೋಜಿಗೆ ಸುರಿದುಬಿಡಬೇಕೋ ಎಂಬ ಆಯ್ಕೆ ಹೊಸದಾಗಿ ಅವನ ಮುಂದೆ ನಿಂತಿದೆ. ಆ ಆಯ್ಕೆಯನ್ನು ಯಾವ ಯಂತ್ರವೂ ಅವನ ಪರವಾಗಿ ಮಾಡದು.

ನಮ್ಮ ಸಂಘದ ಮನೆಗಳಿಂದ ಓದಿ ಉದ್ಯೋಗಕ್ಕೆ ಹೋದ ಮಕ್ಕಳು ಇಂದು ಒಳ್ಳೆಯ ವಾಹನಗಳನ್ನು ಕೊಳ್ಳುತ್ತಿದ್ದಾರೆ. ಅದು ನಮಗೆಲ್ಲ ಸಂತೋಷದ ಸಂಗತಿ. ಕೊಳ್ಳುವಾಗ ಈ ವ್ಯವಸ್ಥೆ ಇರುವ ವಾಹನವನ್ನೇ ಕೊಳ್ಳಲಿ, ಅದನ್ನು ಆರಿಸದಿರಲಿ, ಮಳೆಗಾಲಕ್ಕೆ ಮುನ್ನ ಟಯರಿನ ಸವೆತವನ್ನು ನೋಡಲಿ. ಆ ಮೇಲೆ ಅದು ಇಲ್ಲವೆಂದೇ ಭಾವಿಸಿ ಓಡಿಸಲಿ.