ಜ್ವರದ ದಿನದ ಕೂಲಿ

ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಬಡವನ ಕೈಗೆ ದಿನಕ್ಕಿಷ್ಟು ಎಂದು ಲೆಕ್ಕಹಾಕಿ ದುಡ್ಡು ಕೊಡುವ ಏರ್ಪಾಡೊಂದು ನಮ್ಮ ರಾಜ್ಯದಲ್ಲಿ ಇತ್ತು ಎಂದರೆ ಈಗ ಯಾರೂ ತಟ್ಟನೆ ನಂಬಲಾರರು. 2002ರಲ್ಲಿ ಕರುಣಾ ಟ್ರಸ್ಟ್ ಸಂಸ್ಥೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಪಡೆದು, ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯನ್ನು ಜೊತೆಗೂಡಿಸಿಕೊಂಡು, ತಿ. ನರಸೀಪುರ ಮತ್ತು ಬೈಲಹೊಂಗಲ ತಾಲ್ಲೂಕುಗಳಲ್ಲಿ ಒಂದು ಸಮುದಾಯ ಆರೋಗ್ಯ ವಿಮೆ ಶುರುಮಾಡಿತು. ಕಂತು ತೀರಾ ಸಣ್ಣದು. ಬಡತನದ ರೇಖೆಗಿಂತ ಕೆಳಗಿದ್ದ ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಮೊದಮೊದಲು ಯೋಜನೆಯೇ ಕಟ್ಟುತ್ತಿತ್ತು. ವಿಮೆ ಮಾಡಿಸಿದವರು ಕಾಯಿಲೆ ಬಿದ್ದು ಸರ್ಕಾರಿ ಆಸ್ಪತ್ರೆ ಸೇರಿದರೆ, ಅಲ್ಲಿರುವ ಪ್ರತಿ ದಿನಕ್ಕೆ ಕೂಲಿ ತಪ್ಪಿದ್ದಕ್ಕಾಗಿ 50 ರೂಪಾಯಿ, ಹೊರಗೆ ಕೊಳ್ಳಬೇಕಾದ ಔಷಧಕ್ಕಾಗಿ ಇನ್ನೊಂದು 50.

ಐವತ್ತು ಎಂದರೆ ಆಗಿನ ಹೊಲಗೂಲಿಯ ಆಸುಪಾಸಿನ ಮೊತ್ತ. ಹಣ ಸಣ್ಣದಾದರೂ ಅದನ್ನು ಹೀಗೆ ಎರಡು ಭಾಗ ಮಾಡಿದವರು ಬಡವರ ಮನೆಯ ಲೆಕ್ಕವನ್ನು ಹತ್ತಿರದಿಂದ ಕಂಡವರಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಗೆ ಹೆಚ್ಚು ಖರ್ಚಿಲ್ಲ, ಹಾಸಿಗೆಗೂ ಇಲ್ಲ. ಹಾಗಿದ್ದೂ ಜನ ಯಾಕೆ ಹೋಗುವುದಿಲ್ಲ? ಈ ಪ್ರಶ್ನೆಗೆ ಊರಿನ ಯಾವ ಕೂಲಿ ಹೆಂಗಸನ್ನು ಕೇಳಿದರೂ ಉತ್ತರ ಒಂದೇ. ಹೋದರೆ ಆವತ್ತಿನ ಕೂಲಿ ಮುರಿಯುತ್ತದೆ, ಹೋದಮೇಲೆ ಮಾತ್ರೆಯನ್ನು ಹೊರಗೆ ಬರೆದುಕೊಡುತ್ತಾರೆ.

ಮೈ ಬಿಸಿಯಾದವಳೊಬ್ಬಳ ಒಂದು ದಿನವನ್ನು ಸುಮ್ಮನೆ ಲೆಕ್ಕ ಹಾಕಿ ನೋಡಿ. ಹೊಲದ ಕೆಲಸ ಬೆಳಿಗ್ಗೆ ಏಳೆಂಟಕ್ಕೆ ಶುರು. ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವುದು ಒಂಬತ್ತರ ಮೇಲೆ, ಡಾಕ್ಟರು ಬರುವುದು ಇನ್ನೂ ಸ್ವಲ್ಪ ಹೊತ್ತಿಗೆ. ಹಾಗಾಗಿ ಅರ್ಧ ದಿನದ ರಜೆ ಎಂಬುದೇ ಇಲ್ಲ. ಹೋದರೆ ಪೂರ್ತಿ ದಿನ ಹೋಯಿತು. ಬಸ್ಸಿಗೆ ಹೆಣ್ಣುಮಕ್ಕಳು ಈಗ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಎಷ್ಟೋ ಊರುಗಳಿಗೆ ಬಸ್ಸು ಬರುವುದೇ ಎರಡು ಹೊತ್ತು. ಮಿಕ್ಕ ಹೊತ್ತಿಗೆ ಆಟೋ. ಜೊತೆಗೆ ಯಾರಾದರೂ ಬೇಕು, ಅವರ ಕೂಲಿಯೂ ಮುರಿಯಿತು. ಸಣ್ಣ ಮಗುವನ್ನು ಯಾರ ಮಡಿಲಿಗೋ ಹಾಕಿ ಬರಬೇಕು. ಅಲ್ಲಿ ಸಾಲು, ರಕ್ತ ಪರೀಕ್ಷೆ, ರಿಪೋರ್ಟಿಗೆ ನಾಳೆ ಬನ್ನಿ ಎಂಬ ಮಾತು. ನಾಳೆ ಎಂದರೆ ಇನ್ನೊಂದು ದಿನದ ಕೂಲಿ. ಹೀಗೆ ಉಚಿತ ಚಿಕಿತ್ಸೆಯ ಬಿಲ್ಲು ಎಲ್ಲಿಯೂ ಮುದ್ರಣವಾಗದೆ ಬೆಳೆಯುತ್ತ ಹೋಗುತ್ತದೆ. ಸರ್ಕಾರದ ಯಾವ ಕಡತದಲ್ಲೂ ಈ ಖರ್ಚಿಗೆ ಒಂದು ಕಾಲಂ ಇರುವುದಿಲ್ಲ.

ಹೀಗಿರುವಾಗ ಅವಳು ಸಂಜೆ ಕೆಲಸ ಬಿಟ್ಟು ಬರುವ ದಾರಿಯಲ್ಲಿ ಆರ್‌ಎಂಪಿ ಡಾಕ್ಟರ ಅಂಗಡಿ ಹೊಕ್ಕರೆ ನಾವು ತಲೆ ಚಚ್ಚಿಕೊಳ್ಳುತ್ತೇವೆ. ಓದು ಬರಹ ಇಲ್ಲದವರು, ನಕಲಿ ವೈದ್ಯರನ್ನು ನಂಬುತ್ತಾರೆ ಎಂದು ಬೈಯುತ್ತೇವೆ. ಅವನು ಕೊಡುವ ಸ್ಟೆರಾಯ್ಡು, ಬೇಕಿಲ್ಲದ ಆಂಟಿಬಯೋಟಿಕ್ಕು, ಸುಮ್ಮಸುಮ್ಮನೆ ಏರಿಸುವ ಗ್ಲೂಕೋಸು ಅಪಾಯದವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಅಂಗಡಿ ರಾತ್ರಿ ಒಂಬತ್ತರ ತನಕ ತೆರೆದಿರುತ್ತದೆ. ಸಾಲ ಬರೆದುಕೊಳ್ಳುತ್ತಾನೆ. ಅವಳ ಗಂಡನ ಹೆಸರು ಗೊತ್ತಿರುತ್ತದೆ. ಮರುದಿನ ಅವಳು ಕೆಲಸಕ್ಕೆ ಹೋಗಲೇಬೇಕು ಎಂಬುದೂ ಅವನಿಗೆ ಗೊತ್ತು. ಎಂಬಿಬಿಎಸ್ ಓದಿದವರು ಬಿಟ್ಟುಬಿಟ್ಟ ಹೊತ್ತಿನಲ್ಲಿ ಅವನು ಅಂಗಡಿ ಇಟ್ಟಿದ್ದಾನೆ, ಅಷ್ಟೇ.

ಕರುಣಾ ಟ್ರಸ್ಟಿನವರಿಗೆ ಈ ಲೆಕ್ಕ ಹೊಳೆದದ್ದು ಕಚೇರಿಯಲ್ಲಿ ಕುಳಿತಾಗ ಅಲ್ಲ. ಅದರ ಹಿಂದಿರುವ ಡಾಕ್ಟರ್ ಎಚ್. ಸುದರ್ಶನ್ ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದವರು. ಬೆಟ್ಟದ ಗಿರಿಜನರಾದ ಸೋಲಿಗರು ಮೊದಮೊದಲು ಹತ್ತಿರ ಸುಳಿಯಲಿಲ್ಲ. ಅವರಿಗೆ ಅವರದೇ ಬೇರು, ತೊಗಟೆ, ಸೊಪ್ಪಿನ ಮದ್ದಿತ್ತು. ಹಾಡಿಯಿಂದ ಹಾಡಿಗೆ ನಡೆಯುತ್ತ, ಹಾವು ಕಚ್ಚಿದವರನ್ನೂ ಕರಡಿ ಪರಚಿದವರನ್ನೂ ನೋಡುತ್ತ ನೋಡುತ್ತ ನಂಟು ಬೆಳೆಯಿತು. ಆ ಹಾಡಿಗಳ ಹುಡುಗಿಯರೇ ನರ್ಸಿಂಗ್ ಕಲಿತು ತಮ್ಮವರನ್ನು ನೋಡಿಕೊಳ್ಳುವಂತಾಯಿತು. ಬೆಟ್ಟದ ಕೆಳಗೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ವಿಪರೀತವಾಗಿತ್ತು. ಅದರ ಸಲುವಾಗಿಯೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಕುಷ್ಠದ ಕೆಲಸ ಎಂದರೆ ಮನೆಮನೆಗೆ ಹೋಗಿ ಬೆನ್ನಿನ ಮೇಲಿನ ಮಚ್ಚೆ ಹುಡುಕುವುದು, ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು. ಆಸ್ಪತ್ರೆಯಲ್ಲಿ ಕುಳಿತು ರೋಗಿಗಾಗಿ ಕಾಯುವವರಿಗೆ ಆ ಕೆಲಸ ಒಲಿಯದು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಟ್ರಸ್ಟಿನ ಕೈಗೆ ಒಪ್ಪಿಸಿತು. ಅದು ಹಗಲು ರಾತ್ರಿ ತೆರೆದಿರುವ ಕೇಂದ್ರವಾಯಿತು. ಸರ್ಕಾರದ ಕೆಲಸವನ್ನು ಟ್ರಸ್ಟು ಮಾಡಬೇಕೇ ಎಂಬ ತಕರಾರು ಆಗಲೂ ಇತ್ತು, ಈಗಲೂ ಇದೆ. ತಕರಾರು ನ್ಯಾಯವಾದದ್ದೇ. ಗುಂಬಳ್ಳಿಯಲ್ಲಿ ಆದದ್ದು ಎಲ್ಲ ಊರಲ್ಲೂ ಆಗುವುದಿಲ್ಲ, ಎಲ್ಲ ಟ್ರಸ್ಟುಗಳೂ ಒಂದೇ ತೆರನಾಗಿರುವುದಿಲ್ಲ.

ಟ್ರಸ್ಟಿನ ಆ ವಿಮೆಯೂ ದೋಷವಿಲ್ಲದ್ದೇನಲ್ಲ. ಹೊರಗಿನ ಸಹಾಯಧನ ಇಳಿಯುತ್ತ ಬಂದಂತೆ ಕಂತು ಕಟ್ಟುವವರೂ ಕಡಿಮೆಯಾದರು. ಕಾಯಿಲೆ ಬಂದೀತೆಂದು ಈವತ್ತೇ ದುಡ್ಡು ಎತ್ತಿಡುವುದು ಈವತ್ತಿನ ದುಡ್ಡು ಈವತ್ತೇ ಮುಗಿಯುವ ಮನೆಯಲ್ಲಿ ಸುಲಭದ ಮಾತಲ್ಲ. ಆದರೂ ತಪ್ಪಿದ ಕೂಲಿಯೂ ಹೊರಗಿನ ಔಷಧವೂ ಚಿಕಿತ್ಸೆಯ ಖರ್ಚೇ ಎಂಬ ಅದರಲ್ಲಿದ್ದ ತಿಳಿವಳಿಕೆ ನಂತರ ಬಂದ ದೊಡ್ಡ ದೊಡ್ಡ ಯೋಜನೆಗಳಲ್ಲಿ ಕಾಣೆಯಾಯಿತು ಎಂಬುದು ನನ್ನ ಕೊರಗು.

2003ರಲ್ಲಿ ಯಶಸ್ವಿನಿ ಯೋಜನೆ ಬಂತು. ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದರೆ ಹೃದಯದ ಶಸ್ತ್ರಚಿಕಿತ್ಸೆಯೂ ಆಗುತ್ತಿತ್ತು. ಅದು ಸಣ್ಣ ಸಾಧನೆಯಲ್ಲ. ಊರಿನವರೇ ಕಟ್ಟಿಕೊಂಡಿದ್ದ ಹಾಲಿನ ಡೇರಿ, ವ್ಯವಸಾಯ ಸೇವಾ ಸಹಕಾರ ಸಂಘಗಳನ್ನೇ ಬೆನ್ನೆಲುಬಾಗಿಸಿಕೊಂಡು ದೇಶವೇ ತಿರುಗಿ ನೋಡುವಂಥ ಯೋಜನೆಯೊಂದು ನಿಂತಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದರು, 2023ರಿಂದ ಮತ್ತೆ ಬೇರೆಯಾಗಿ ನಡೆಸಿದರು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಲಕ್ಷಗಳ ಮಾತು ಕೇಳಲು ಹಿತ. ಆದರೆ ಇವೆಲ್ಲ ಹೆಚ್ಚಾಗಿ ಆಸ್ಪತ್ರೆ ಸೇರಿದಮೇಲಿನ ಕಥೆಗಳು. ಬಡವರ ದುಡ್ಡು ಸೋರುವುದು ಬಹುಮಟ್ಟಿಗೆ ಅದಕ್ಕೆ ಮೊದಲು: ಬಿಪಿ ಮಾತ್ರೆ, ಶುಗರ್ ಮಾತ್ರೆ, ಮಗುವಿನ ಕೆಮ್ಮಿನ ಸಿರಪ್ಪು, ಮಂಡಿನೋವಿನ ಸೂಜಿ. ಭಾರತದ ಮನೆಗಳು ಆರೋಗ್ಯಕ್ಕೆಂದು ಕೈಯಿಂದ ಹಾಕುವ ಹಣದಲ್ಲಿ ಔಷಧದ್ದೇ ಸಿಂಹಪಾಲು ಎಂದು ಸರ್ಕಾರದ ಲೆಕ್ಕಪತ್ರಗಳೇ ವರ್ಷವರ್ಷ ಹೇಳುತ್ತ ಬಂದಿವೆ. ಬಿಪಿ ಮಾತ್ರೆಯನ್ನು ದುಡ್ಡಿಲ್ಲದೆ ನಡುವೆ ನಿಲ್ಲಿಸಿದವಳಿಗೆ ಕಾರ್ಡು ಉಪಯೋಗಕ್ಕೆ ಬರುವುದು ಲಕ್ವ ಹೊಡೆದಮೇಲೆ.

ಇಲ್ಲಿ ಮಂಡ್ಯದ ಡಾಕ್ಟರ್ ಶಂಕರೇಗೌಡರನ್ನು ನೆನೆಯದೆ ಮುಂದೆ ಹೋಗಲಾಗದು. ಚರ್ಮರೋಗ ತಜ್ಞರು, ರೈತರೂ ಹೌದು. ಐದು ರೂಪಾಯಿ ಡಾಕ್ಟರು ಎಂದೇ ಹೆಸರಾದವರು. ರಸ್ತೆ ಬದಿಯಲ್ಲಿ ಕುಳಿತು ರೋಗಿಗಳನ್ನು ನೋಡುವ ಅವರ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಫೀಸಿಗಿಂತ ನನಗೆ ಮುಖ್ಯವಾಗಿ ಕಂಡದ್ದು ಅವರು ಬರೆದುಕೊಡುವ ಔಷಧವೂ ಕಡಿಮೆ ಬೆಲೆಯದು ಎಂಬ ಮಾತು. ಐದು ರೂಪಾಯಿ ತೆಗೆದುಕೊಂಡು ಐನೂರರ ಚೀಟಿ ಕೊಟ್ಟರೆ ಏನು ಬಂತು? ಆದರೆ ಇಂಥವರ ಕಥೆಯನ್ನು ಹಂಚಿಕೊಳ್ಳುವುದರಲ್ಲಿ ನಮಗೊಂದು ಸುಖವಿದೆ. ಕೈಮುಗಿದರೆ ನಮ್ಮ ಪಾಲಿನ ಕೆಲಸ ಮುಗಿದಂತೆ. ಪುಣ್ಯಾತ್ಮರು ಹುಟ್ಟಿದ ಜಿಲ್ಲೆಯಲ್ಲಿ ಮಾತ್ರ ಬಡವರು ಬದುಕಬಹುದು ಎಂದಾದರೆ ಮಿಕ್ಕ ಜಿಲ್ಲೆಯವರು ಏನು ಮಾಡಬೇಕು?

ನಗರದಲ್ಲೂ ಕಥೆ ಬೇರೆಯಿಲ್ಲ. 2022ರ ಡಿಸೆಂಬರಿನಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಶುರುವಾದವು. ಬೆಂಗಳೂರಿನಲ್ಲಿ ವಾರ್ಡಿಗೊಂದರಂತೆ 243 ಎಂಬುದು ಆಗಿನ ಯೋಜನೆಯಾಗಿತ್ತು. ಡಾಕ್ಟರು, ನರ್ಸು, ಪರೀಕ್ಷೆ, ಮಾತ್ರೆ ಎಲ್ಲ ಒಂದೇ ಸೂರಿನಡಿ, ಕಾಸಿಲ್ಲದೆ. ಒಳ್ಳೆಯ ಯೋಚನೆ. ಆದರೆ ಶುರುವಿನಲ್ಲಿ ಹೊತ್ತು ಗೊತ್ತುಮಾಡಿದ್ದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಮನೆಗೆಲಸದವಳು, ಗಾರೆ ಕೆಲಸದವನು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಈ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದು ಗುಟ್ಟಿನ ವಿಷಯವೇನಲ್ಲ. ಕ್ಲಿನಿಕ್ಕನ್ನು ರಾತ್ರಿ ಎಂಟರ ತನಕ ತೆರೆದಿಡಲು ಹೊಸ ಕಟ್ಟಡ ಬೇಕಿಲ್ಲ. ಇನ್ನೊಂದು ಪಾಳಿಯ ಡಾಕ್ಟರೂ ನರ್ಸೂ ಬೇಕು. ಕಟ್ಟಡಕ್ಕೆ ಸಿಗುವಷ್ಟು ಸಲೀಸಾಗಿ ಸಂಬಳಕ್ಕೆ ದುಡ್ಡು ಸಿಗದಿರುವುದು ನಮ್ಮ ಆಡಳಿತದ ಹಳೆಯ ಚಾಳಿ. ಕಟ್ಟಡವನ್ನಾದರೆ ಉದ್ಘಾಟನೆ ಮಾಡಬಹುದಲ್ಲ!

ರೋಗಿಯ ಕೂಲಿ ಉಳಿಯಲು ಇನ್ನೊಂದು ದಾರಿ, ಚಿಕಿತ್ಸೆಯೇ ಅವಳ ಮನೆಗೆ ಹೋಗುವುದು. ಇದೂ ಹೊಸತಲ್ಲ. 1970ರ ದಶಕದಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾಕ್ಟರ್ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿ ಊರಿನ ಹೆಂಗಸರಿಗೇ, ಅದರಲ್ಲೂ ಅಕ್ಷರ ಬಾರದ ದಲಿತ ಹೆಂಗಸರಿಗೆ, ಆರೋಗ್ಯದ ಕೆಲಸ ಕಲಿಸಿದರು. ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ತರಬೇತಾದ ಹಳ್ಳಿಯ ಹೆಂಗಸು ಬಾಣಂತಿಯ ಮನೆಗೇ ಹೋಗಿ ಎಳೆಗೂಸಿನ ತೂಕ ನೋಡುತ್ತಾಳೆ, ಉಸಿರು ಎಣಿಸುತ್ತಾಳೆ, ನಂಜು ಕಂಡರೆ ಸೂಜಿಮದ್ದನ್ನೂ ಕೊಡುತ್ತಾಳೆ. ವೈದ್ಯಕೀಯ ಓದದ ಹೆಂಗಸಿನ ಕೈಗೆ ಸಿರಿಂಜೇ ಎಂದು ವೈದ್ಯರು ಹೌಹಾರಿದರು. ಆದರೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇಕಡ 60ಕ್ಕೂ ಹೆಚ್ಚು ಇಳಿಯಿತು. 1999ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದಮೇಲೆ ಅಲ್ಲಗಳೆಯುವುದು ಕಷ್ಟವಾಯಿತು.

2005ರಿಂದ ದೇಶದಲ್ಲಿ ಆಶಾ ಕಾರ್ಯಕರ್ತೆಯರು ಬಂದದ್ದು ಈ ಅನುಭವಗಳ ಬೆನ್ನಿಗೆ. ಊರವರ ಬಾಯಲ್ಲಿ ಅವಳು ಆಶಮ್ಮ. ಬಸುರಿಯನ್ನು ರಾತ್ರಿ ಆಂಬುಲೆನ್ಸ್ ಹತ್ತಿಸುವವಳು, ಲಸಿಕೆಗೆ ಮಕ್ಕಳನ್ನು ಒಟ್ಟುಗೂಡಿಸುವವಳು, ಕೊರೋನಾ ಹೊತ್ತಿನಲ್ಲಿ ಬೈಗುಳ ತಿಂದು ಮನೆಮನೆ ತಿರುಗಿದವಳು. ಕೋಲಾರದಿಂದ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ತಪಾಸಣೆ ಮನೆ ಬಾಗಿಲಿಗೆ ಬರುವುದೂ ಅವಳ ಕಾಲಿನ ಮೇಲೆಯೇ. ರೋಗಿಗೆ ಬಸ್ಸು ಹತ್ತುವುದು ತಪ್ಪಿತು, ಕೂಲಿ ಉಳಿಯಿತು.

ಹಾಗಾದರೆ ಆ ಖರ್ಚು ಎಲ್ಲಿಗೆ ಹೋಯಿತು? ನನಗೆ ಕಾಣುವಂತೆ ಅದು ಆಶಮ್ಮನ ಹೆಗಲಿಗೆ ಬಂತು. ಗಡಚಿರೋಲಿಯ ಮಾದರಿಯನ್ನು 2011ರಲ್ಲಿ ಸರ್ಕಾರ ಆಶಾಗಳ ಕೆಲಸಕ್ಕೆ ಸೇರಿಸಿದಾಗ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ನಲವತ್ತೆರಡು ದಿನದೊಳಗೆ ಆರು ಸಲ ಹೋಗಿ ಬರುವುದಕ್ಕೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಒಂದು ಸಲಕ್ಕೆ ನಲವತ್ತೆರಡು ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಅವಳನ್ನು ಸ್ವಯಂಸೇವಕಿ ಎಂದು ಕರೆದದ್ದರಿಂದ ಸಂಬಳದ ಮಾತು ಬರುವುದಿಲ್ಲ, ಗೌರವಧನ ಮಾತ್ರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು, ನಾವು ಹೆಮ್ಮೆಪಟ್ಟೆವು. ರೋಗಿಯ ಕಳೆದುಹೋದ ಒಂದು ದಿನಕ್ಕೆ ಬೆಲೆ ಕಟ್ಟಬಹುದು ಎಂದು ನರಸೀಪುರದಲ್ಲಿ ಯಾರೋ ಯೋಚಿಸಿದ್ದರು. ಶುಶ್ರೂಷೆ ಮಾಡುವವಳ ದಿನಕ್ಕೆ ಮಾತ್ರ ಇನ್ನೂ ಬೆಲೆ ಕಟ್ಟುವುದು ಮುಗಿದಿಲ್ಲ.

2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತರು. ತಿಂಗಳಿಗೆ 15,000 ನಿಗದಿ ಮಾಡಿ ಎಂದು ಕೇಳಿದರು. ಏಪ್ರಿಲ್‌ನಿಂದ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಪಡೆದು ಊರಿಗೆ ಮರಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಬಂದರು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಪತ್ರಿಕೆಗಳ ತಲೆಬರಹಕ್ಕೆ ಏರದ ಒಂದು ಬೇಡಿಕೆಯಿತ್ತು: ಪ್ರೋತ್ಸಾಹಧನವನ್ನು ಪೋರ್ಟಲ್ಲಿನಿಂದ ಬಿಡಿಸಿ. ಬಸುರಿಯ, ಬಾಣಂತಿಯ, ಲಸಿಕೆಯ ವಿವರ ಕಂಪ್ಯೂಟರಿಗೆ ಏರಿದರೆ ಮಾತ್ರ ಅವಳ ಲೆಕ್ಕಕ್ಕೆ ಹಣ. ಏರಿಸುವವರು ಬೇರೆ ಯಾರೋ. ಸರ್ವರ್ ಕೈಕೊಟ್ಟರೂ, ನಮೂದು ತಪ್ಪಿದರೂ, ವಿಳಂಬವಾದರೂ ನಷ್ಟ ಅವಳದು. ಆರು ಸಲ ಮನೆಗೆ ಹೋಗಿದ್ದಾಳೆ, ಕೂಸು ಚೆನ್ನಾಗಿದೆ, ಊರಿಗೆಲ್ಲ ಗೊತ್ತು. ಪೋರ್ಟಲ್ಲಿಗೆ ಗೊತ್ತಿಲ್ಲವಾದ್ದರಿಂದ ಆ ತಿಂಗಳು ದುಡ್ಡಿಲ್ಲ.